ಒಗ್ಗದ ಆಹಾರವನ್ನು ಒಗ್ಗಿಸುವ ಚಿಕಿತ್ಸೆ
(ಮಹಿಳಾ ಮಂಡಲದ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಮ್ಮಲ್ಲಿ ಗಾದೆಯುಂಟು. ಈ ದಿನ ತಮ್ಮ ಮುಂದಿಡಬೇಕೆಂದಿರುವ ವಿಷಯವು ಈ ಗಾದೆಯನ್ನು ನೆನಪಿಗೆ ತರುವಂಥದು. ಕೆಲವು ಮಕ್ಕಳಿಗೆ ಕಡಲೆಕಾಯಿ, ಮೊಟ್ಟೆ ಅಥವಾ ಹಾಲು ಒಗ್ಗುವುದಿಲ್ಲ. ಒಂದು ತುತ್ತು ತಿಂದರೂ ಪ್ರಾಣಕ್ಕೆ ಸಂಚಕಾರ ಬರಬಹುದು. ಅಂಥ ಮಕ್ಕಳಿಗೆ ಅದೇ ಆಹಾರವನ್ನು ಅತಿ ಸಣ್ಣ ಅಳತೆಯಲ್ಲಿ ದಿನವೂ ಕೊಟ್ಟು, ಅಳತೆಯನ್ನು ಮೆಲ್ಲಮೆಲ್ಲನೆ ಏರಿಸಿ, ದೇಹವನ್ನು ಒಗ್ಗಿಸುವ ಚಿಕಿತ್ಸೆಯೊಂದನ್ನು ವೈದ್ಯರು ರೂಢಿಗೆ ತಂದಿದ್ದಾರೆ. ಇದು ಸಂತೋಷದ ಸುದ್ದಿಯೇ ಸರಿ. ಆದರೆ ಅರ್ಧ ಮಾತು ಕೇಳಿ ಮನೆಯಲ್ಲಿಯೇ ಇದನ್ನು ಮಾಡಹೊರಟರೆ ಮಗುವನ್ನೇ ಕಳೆದುಕೊಳ್ಳುವ ಭಯವುಂಟು. ಆದುದರಿಂದ ತಾವು ಕೊನೆಯವರೆಗೆ ಕೇಳಬೇಕೆಂದು ನನ್ನ ಪ್ರಾರ್ಥನೆ.

ಒಗ್ಗದಿರುವುದು ಎಂದರೇನು?

ಹಾಲು ಕುಡಿದರೆ ಹೊಟ್ಟೆಯುಬ್ಬರ, ಬದನೆಕಾಯಿ ತಿಂದರೆ ನಂಜು, ಬಾಳೆಹಣ್ಣು ತಿಂದರೆ ಶೀತ ಎಂದು ನಾವು ಅನೇಕ ತೊಂದರೆಗಳನ್ನು ಆಹಾರದ ತಲೆಗೆ ಕಟ್ಟುತ್ತೇವೆ. ಇವೆಲ್ಲವೂ ಅಲರ್ಜಿಯಲ್ಲ. ಹಾಲಿನಲ್ಲಿರುವ ಸಕ್ಕರೆ ಜೀರ್ಣವಾಗದೆ ಹೊಟ್ಟೆಯುಬ್ಬರಿಸುವುದು ಬೇರೆ. ಹಳಸಿದ ಅನ್ನ ತಿಂದು ವಾಂತಿಯಾಗುವುದು ಬೇರೆ. ಅಲರ್ಜಿಯೆಂದರೆ ದೇಹದ ಕಾವಲು ತಪ್ಪು ತಿಳಿಯುವುದು.

ರೋಗಾಣುಗಳನ್ನು ಗುರುತಿಸಿ ಓಡಿಸುವ ಕಾವಲಿನ ವ್ಯವಸ್ಥೆ ನಮ್ಮೆಲ್ಲರ ದೇಹದಲ್ಲಿಯೂ ಇದೆ. ಮನೆಯ ನಾಯಿ ಕಳ್ಳನನ್ನು ಕಂಡು ಬೊಗಳಬೇಕಾದದ್ದೇ. ಅದು ಊಟಕ್ಕೆ ಬಂದ ನೆಂಟನ ಮೇಲೆ ಬಿದ್ದು ಕಚ್ಚಿದರೆ ಹೇಗೆ? ಒಳ್ಳೆಯ ಆಹಾರವನ್ನೇ ಶತ್ರುವೆಂದು ಬಗೆದು ದೇಹವು ಅದರ ಮೇಲೆ ಬೀಳುವುದೇ ಆಹಾರದ ಅಲರ್ಜಿ. ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವರು ೧೯೦೬ರಲ್ಲಿ ‘ಅಲರ್ಜಿ’ ಎಂಬ ಹೆಸರನ್ನು ಕೊಟ್ಟರು. ಇದಕ್ಕೆ ಮೂಲವಾದ ರಕ್ತದ ಅಂಶವನ್ನು ೧೯೬೦ರ ದಶಕದಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಷಿಜಾಕಾ ದಂಪತಿಗಳೂ ಸ್ವೀಡನ್ ದೇಶದ ಶಾಸ್ತ್ರಜ್ಞರೂ ಗುರುತಿಸಿದರು. ಅದಕ್ಕೆ ಐಜಿಇ ಎಂದು ಹೆಸರು. ಚರ್ಮ, ಶ್ವಾಸನಾಳ, ಕರುಳುಗಳಲ್ಲಿರುವ ಕೆಲವು ಜೀವಕೋಶಗಳ ಮೇಲೆ ಅದು ಕುಳಿತು ಕಾಯುತ್ತಿರುತ್ತದೆ. ತನಗಾಗದ ಆಹಾರದ ಪ್ರೋಟೀನು ಬಂದು ತಗುಲಿದೊಡನೆ ಆ ಜೀವಕೋಶಗಳು ಹಿಸ್ಟಮಿನ್ ಮುಂತಾದ ರಸಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ಮೈಮೇಲೆ ದದ್ದು, ತುಟಿ ಕಣ್ಣುಗಳ ಬಾವು, ವಾಂತಿ, ಉಬ್ಬಸ ತೋರುತ್ತವೆ. ಇದು ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯ ಒಳಗೆ ಆಗುವುದು.

ನಮ್ಮಲ್ಲಿ ಇದು ಎಷ್ಟು?

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರೂ ಸೇರಿ ನಮ್ಮ ಕರ್ನಾಟಕದಲ್ಲಿ ಒಂದು ದೊಡ್ಡ ಸಮೀಕ್ಷೆಯನ್ನು ನಡೆಸಿದರು. ಅದರ ಫಲ ೨೦೧೬ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆ ಮಾಡಿದಾಗ ನೂರು ಮಂದಿ ವಯಸ್ಕರಲ್ಲಿ ಸುಮಾರು ೨೬ ಮಂದಿಗೆ ಯಾವುದಾದರೊಂದು ಆಹಾರದ ವಿಷಯದಲ್ಲಿ ಐಜಿಇ ಕಂಡುಬಂದಿತು. ಆದರೆ ತಿಂದಾಗ ನಿಜವಾಗಿ ತೊಂದರೆಯೂ ಆಗುವವರು ನೂರಕ್ಕೆ ೧.೨ ಮಾತ್ರ. ಚೀನಾ, ರಷ್ಯಾ, ಭಾರತಗಳ ಶಾಲಾ ಮಕ್ಕಳನ್ನು ಕುರಿತ ಇನ್ನೊಂದು ಸಮೀಕ್ಷೆ ೨೦೨೦ರಲ್ಲಿ ಪ್ರಕಟವಾಯಿತು. ಅದರಲ್ಲಿ ನಮ್ಮ ದೇಶದ ಮಕ್ಕಳ ಲೆಕ್ಕ ಹತ್ತು ಸಾವಿರಕ್ಕೆ ೧೪.

ಇದರಿಂದ ಎರಡು ಪಾಠ ಕಲಿಯಬೇಕು. ಮೊದಲನೆಯದು, ಬರಿಯ ರಕ್ತಪರೀಕ್ಷೆಯ ಚೀಟಿಯನ್ನು ನಂಬಿ ಮಗುವಿಗೆ ಹಾಲು, ಮೊಟ್ಟೆ, ಬೇಳೆಗಳನ್ನು ನಿಲ್ಲಿಸಬಾರದು. ಸುಳ್ಳು ಪಥ್ಯದಿಂದ ಮಗು ಬಡವಾಗುವುದೇ ಹೆಚ್ಚು. ಎರಡನೆಯದು, ನಿಜವಾದ ಅಲರ್ಜಿಯುಳ್ಳ ಮಕ್ಕಳು ಕೆಲವರೇ ಆದರೂ ಇದ್ದಾರೆ. ಅಂಥ ಮಗು ಇರುವ ಮನೆಯವರಿಗೆ ಮದುವೆಯೂಟ, ಜಾತ್ರೆಯ ತಿಂಡಿ, ಶಾಲೆಯ ಊಟ ಎಲ್ಲವೂ ಭಯವೇ. ಚಿಕಿತ್ಸೆಯ ಮಾತು ಬರುವುದು ಇವರಿಗಾಗಿ.

ಚಿಕಿತ್ಸೆ ಬೆಳೆದ ಬಗೆ

ಈ ವಿಚಾರ ಹೊಸದಲ್ಲ. ೧೯೦೮ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಸ್ಕೋಫೀಲ್ಡ್ ಎಂಬವರು ಮೊಟ್ಟೆ ಒಗ್ಗದ ೧೩ ವರ್ಷದ ಹುಡುಗನ ವೃತ್ತಾಂತವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಮೊಟ್ಟೆಯ ಅತ್ಯಲ್ಪ ಭಾಗವನ್ನು ಗುಳಿಗೆಯಲ್ಲಿ ಸೇರಿಸಿ ಕೊಡುತ್ತ ಬಂದು, ಕೆಲವು ತಿಂಗಳಲ್ಲಿ ಆ ಹುಡುಗನು ಮೊಟ್ಟೆ ತಿನ್ನುವಂತೆ ಮಾಡಿದ್ದರು. ಆದರೆ ಒಬ್ಬ ಹುಡುಗನಿಗೆ ಗುಣವಾದ ಮಾತ್ರಕ್ಕೆ ಎಲ್ಲರಿಗೂ ಆಗುವುದೆಂದು ಹೇಳಲಾಗದು. ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಆಹಾರದ ಪುಡಿ, ಇನ್ನೊಂದಕ್ಕೆ ಹಾಗೆಯೇ ಕಾಣುವ ಬರಿಯ ಪುಡಿ ಕೊಟ್ಟು ಹೋಲಿಸಿ ನೋಡುವ ಪರೀಕ್ಷೆಗಳು ನಡೆದದ್ದು ಸುಮಾರು ನೂರು ವರ್ಷಗಳ ಮೇಲೆಯೇ.

೨೦೧೨ರಲ್ಲಿ ಅಮೆರಿಕದ ವೈದ್ಯರು ೫ರಿಂದ ೧೧ ವರ್ಷದ ೪೦ ಮಕ್ಕಳಿಗೆ ಮೊಟ್ಟೆಯ ಪುಡಿ ಕೊಟ್ಟ ವಿವರವನ್ನು ಪ್ರಕಟಿಸಿದರು. ೨೨ ತಿಂಗಳ ತರುವಾಯ ೩೦ ಮಕ್ಕಳು ಮೊಟ್ಟೆಯನ್ನು ತಡೆದುಕೊಂಡರು. ಅನಂತರ ಕೆಲವು ವಾರ ಮೊಟ್ಟೆಯನ್ನು ಬಿಡಿಸಿ ಮತ್ತೆ ಪರೀಕ್ಷಿಸಿದಾಗ ತಡೆದುಕೊಂಡವರು ೧೧ ಮಂದಿ ಮಾತ್ರ.

೨೦೧೮ರಲ್ಲಿ ಕಡಲೆಕಾಯಿಯ ಬಗ್ಗೆ ಇನ್ನೂ ದೊಡ್ಡ ಪರೀಕ್ಷೆಯ ಫಲ ಹೊರಬಂದಿತು. ಅದರಲ್ಲಿ ೪ರಿಂದ ೧೭ ವರ್ಷದ ೪೯೬ ಮಂದಿ ಇದ್ದರು. ಮೊದಲ ದಿನ ಅರ್ಧ ಮಿಲಿಗ್ರಾಂ ಪ್ರೋಟೀನಿನಿಂದ ಆರಂಭಿಸಿ, ಮುಂದೆ ಎರಡೆರಡು ವಾರಕ್ಕೊಮ್ಮೆ ಏರಿಸುತ್ತ, ದಿನಕ್ಕೆ ೩೦೦ ಮಿಲಿಗ್ರಾಂ ಮುಟ್ಟಿಸಿದರು. ಇದು ಸುಮಾರು ಒಂದು ಕಡಲೆಬೀಜದಲ್ಲಿರುವಷ್ಟು. ವರ್ಷ ಕಳೆದ ಮೇಲೆ, ಪುಡಿ ತಿಂದವರಲ್ಲಿ ನೂರಕ್ಕೆ ೬೭ ಮಂದಿ ಎರಡು ಬೀಜಕ್ಕೆ ಸಮನಾದ ಪ್ರೋಟೀನನ್ನು ತಡೆದುಕೊಂಡರು. ಬರಿಯ ಪುಡಿ ತಿಂದವರಲ್ಲಿ ನೂರಕ್ಕೆ ೪ ಮಂದಿ. ಇದರ ಆಧಾರದ ಮೇಲೆ ೨೦೨೦ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಅಳತೆಗೊಳಪಟ್ಟ ಕಡಲೆಕಾಯಿ ಪುಡಿಯನ್ನು ಔಷಧವಾಗಿ ಅಂಗೀಕರಿಸಿತು.

ಎಳೆಯ ವಯಸ್ಸಿನಲ್ಲಿ ಆರಂಭಿಸಿದರೆ ಲಾಭ ಹೆಚ್ಚೆಂದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆ ಸೂಚಿಸಿತು. ೧ರಿಂದ ೩ ವರ್ಷದ ಮಕ್ಕಳಲ್ಲಿ ನೂರಕ್ಕೆ ೭೧ ಮಂದಿಗೆ ಚಿಕಿತ್ಸೆಯ ಕೊನೆಯಲ್ಲಿ ಕಡಲೆಕಾಯಿ ಒಗ್ಗಿತು. ಆರು ತಿಂಗಳು ಬಿಡಿಸಿದ ಮೇಲೂ ಒಗ್ಗಿ ನಿಂತದ್ದು ನೂರಕ್ಕೆ ೨೧ ಮಂದಿಗೆ.

ಈ ಅಂಕಿಗಳ ತಾತ್ಪರ್ಯವನ್ನು ಗಮನಿಸಬೇಕು. ಬಹುಮಂದಿ ಮಕ್ಕಳಲ್ಲಿ ಕಾವಲು ನಾಯಿ ನೆಂಟನನ್ನು ದಿನವೂ ನೋಡುತ್ತಿರುವವರೆಗೆ ಸುಮ್ಮನಿರುತ್ತದೆ. ನೆಂಟನು ಕೆಲವು ಕಾಲ ಬಾರದಿದ್ದರೆ ಮತ್ತೆ ಮರೆತುಬಿಡುತ್ತದೆ. ಆದುದರಿಂದ ಇದು ಪೂರ್ಣ ಗುಣವಲ್ಲ, ರಕ್ಷಣೆ. ತಿಳಿಯದೆ ತಿಂಡಿಯಲ್ಲಿ ಒಂದು ಬೀಜ ಬಾಯಿಗೆ ಹೋದರೆ ಪ್ರಾಣ ಉಳಿಯಲಿ ಎಂಬುದೇ ಇದರ ಗುರಿ.

ಮನೆಯಲ್ಲಿ ಏಕೆ ಮಾಡಬಾರದು?

ನಾನು ಹೇಳಿದ ೨೦೧೮ರ ಪರೀಕ್ಷೆಯಲ್ಲಿ, ಕುಶಲ ವೈದ್ಯರ ಕಣ್ಣಳತೆಯಲ್ಲಿದ್ದೂ, ಪುಡಿ ತಿಂದವರಲ್ಲಿ ನೂರಕ್ಕೆ ೧೪ ಮಂದಿಗೆ ಅಡ್ರಿನಲಿನ್ ಚುಚ್ಚುಮದ್ದು ಬೇಕಾಯಿತು. ತೊಂದರೆ ತಾಳಲಾರದೆ ನಡುವೆಯೇ ಬಿಟ್ಟವರೂ ಇದ್ದರು. ಅರ್ಧ ಮಿಲಿಗ್ರಾಮನ್ನು ಅಡಿಗೆಮನೆಯ ಚಮಚದಿಂದ ಅಳೆಯಲಾದೀತೇ? ಉಗುರಿನಲ್ಲಿ ಚಿವುಟಿದ ಚೂರೂ ಅದಕ್ಕಿಂತ ಹೆಚ್ಚೇ. ಮೇಲಾಗಿ, ನಿನ್ನೆ ಒಗ್ಗಿದ ಅಳತೆ ಇಂದು ಒಗ್ಗದೆ ಹೋಗಬಹುದು. ಮಗುವಿಗೆ ಜ್ವರವಿದ್ದಾಗ, ಹೊಟ್ಟೆ ಖಾಲಿಯಿದ್ದಾಗ, ನಿದ್ದೆಗೆಟ್ಟಾಗ, ತಿಂದ ಕೂಡಲೇ ಓಡಿಯಾಡಿದಾಗ ಅಪಾಯ ಹೆಚ್ಚುತ್ತದೆ. ಆದುದರಿಂದ ಚುಚ್ಚುಮದ್ದು ಕೈಯಲ್ಲಿರುವ ಆಸ್ಪತ್ರೆಯಲ್ಲಿ, ಇದರಲ್ಲಿ ನುರಿತ ವೈದ್ಯರಿಂದ ಮಾತ್ರ ಈ ಚಿಕಿತ್ಸೆ ನಡೆಯತಕ್ಕದ್ದು. ಹಾಲು, ಮೊಟ್ಟೆಗಳ ಅಲರ್ಜಿಯಾದರೋ ಬಹುಪಾಲು ಮಕ್ಕಳಲ್ಲಿ ವಯಸ್ಸಾಗುತ್ತ ತಾನಾಗಿಯೇ ಹೋಗುವುದುಂಟು. ಕಡಲೆಕಾಯಿಯದು ಸುಮಾರು ಐವರಲ್ಲಿ ಒಬ್ಬರಿಗೆ. ಯಾವ ಮಗುವಿಗೆ ಚಿಕಿತ್ಸೆ ಬೇಕು, ಯಾವುದಕ್ಕೆ ಕಾಯಬಹುದು ಎಂಬುದನ್ನು ವೈದ್ಯರೇ ಹೇಳಬೇಕು.

ಬರುವುದಕ್ಕೆ ಮುಂಚೆಯೇ ತಡೆಯುವುದು

ತಾಯಂದಿರ ಕೈಯಲ್ಲಿರುವ ಕೆಲಸ ಒಂದಿದೆ. ೨೦೦೦ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವು, ಅಲರ್ಜಿಯ ಭಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬಾರದೆಂದು ಹೇಳಿತ್ತು. ೨೦೦೮ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಅವರ ಸಂಗಡಿಗರು, ವಿಪರೀತ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ ೬೪೦ ಹಸುಗೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಲೆಕಾಯಿಯ ಆಹಾರ ಕೊಡಿಸಿದರು, ಇನ್ನೊಂದಕ್ಕೆ ಬಿಡಿಸಿದರು. ೨೦೧೫ರಲ್ಲಿ ಫಲ ತಿಳಿಯಿತು. ಐದು ವರ್ಷ ತುಂಬಿದಾಗ, ಬಿಟ್ಟವರಲ್ಲಿ ನೂರಕ್ಕೆ ೧೭ ಮಂದಿಗೆ ಅಲರ್ಜಿ. ತಿಂದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ. ಬಿಡಿಸುವುದರಿಂದ ರಕ್ಷಣೆಯೆಂದು ತಿಳಿದದ್ದು ತಲೆಕೆಳಗಾಯಿತು.

ಆದುದರಿಂದ ಆರು ತಿಂಗಳು ತುಂಬಿ ಮೇಲಾಹಾರ ಆರಂಭಿಸಿದಾಗ, ಎದೆಹಾಲಿನ ಜೊತೆಗೆ, ರಾಗಿ ಸರಿ, ಬೇಳೆ, ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ಕಡಲೆಬೀಜ ಇವನ್ನು ಒಂದೊಂದಾಗಿ ರೂಢಿಸಿರಿ. ನಂಜೆಂದು ವರ್ಷಗಟ್ಟಲೆ ಮುಂದೂಡಬೇಡಿರಿ. ಇಡೀ ಬೀಜವನ್ನು ಮಾತ್ರ ಚಿಕ್ಕ ಮಕ್ಕಳಿಗೆ ಕೊಡಬಾರದು, ಗಂಟಲಿಗೆ ಸಿಕ್ಕೀತು. ಮಗುವಿಗೆ ವಿಪರೀತ ಇಸಬು ಇದ್ದರೆ, ಅಥವಾ ಯಾವುದಾದರೂ ಆಹಾರದಿಂದ ಒಮ್ಮೆ ಮೈ ಊದಿದ್ದರೆ, ಮೊದಲು ವೈದ್ಯರನ್ನು ಕೇಳಿ ಮುಂದುವರಿಯಿರಿ.

ಆಪತ್ತಿನಲ್ಲಿ ಮಾಡತಕ್ಕದ್ದು

ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮಗುವಿನ ಸ್ವರ ಒಡೆದರೆ, ಉಬ್ಬಸ ಬಂದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಂಕಾಗಿ ಕುಸಿದರೆ ತಡಮಾಡಬಾರದು. ೧೦೮ಕ್ಕೆ ಕರೆಮಾಡಿ. ಮಗುವನ್ನು ಮಲಗಿಸಿ ಕಾಲನ್ನು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಕುಳ್ಳಿರಿಸಿ. ನಿಲ್ಲಿಸಿ ನಡೆಸಬೇಡಿ. ಹುಣಿಸೆನೀರು ಕುಡಿಸಿ ವಾಂತಿ ಮಾಡಿಸುವುದು, ಅಂಗಡಿಯ ಮಾತ್ರೆ ಕೊಟ್ಟು ಕಾಯುವುದು ಇವುಗಳಿಂದ ಅಮೂಲ್ಯವಾದ ನಿಮಿಷಗಳು ಹಾಳಾಗುವುವು. ಪ್ರಾಣ ಉಳಿಸುವ ಔಷಧ ಅಡ್ರಿನಲಿನ್ ಒಂದೇ. ತೊಡೆಯ ಹೊರಭಾಗದ ಸ್ನಾಯುವಿಗೆ ಅದನ್ನು ಚುಚ್ಚುತ್ತಾರೆ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಇರಿ; ಮತ್ತೆ ಮರುಕಳಿಸುವುದುಂಟು.

ಇಂಥ ಮಗು ತಮ್ಮ ಮನೆಯಲ್ಲಿದ್ದರೆ ಶಾಲೆಯ ಉಪಾಧ್ಯಾಯರಿಗೂ, ಅಡಿಗೆಯವರಿಗೂ, ಅಂಗನವಾಡಿಯವರಿಗೂ ಬಾಯಿಬಿಟ್ಟು ತಿಳಿಸಿರಿ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಪಕ್ಕದ ಮನೆಯಲ್ಲಿದ್ದರೆ, “ಒಂದು ಚೂರು ತಿಂದರೆ ಏನಾದೀತು?” ಎಂದು ಯಾರೂ ಬಲವಂತಮಾಡದಂತೆ ನೋಡಿಕೊಳ್ಳಿರಿ. ಒಂದು ಚೂರನ್ನು ಔಷಧವಾಗಿಸಲು ವೈದ್ಯರಿಗೆ ನೂರು ವರ್ಷಗಳ ಶ್ರಮ ಹಿಡಿದಿದೆ. ಅವರ ಕೈಯಲ್ಲಿ ಅದು ಔಷಧ. ನಮ್ಮ ಕೈಯಲ್ಲಿ ಅದು ಇನ್ನೂ ಮುಳ್ಳೇ.