ಮಾವು ವರ್ಷವಿಡೀ ಬಾಟಲಿಯಲ್ಲಿ: ಹುಳಿ, ಬಿಸಿ ಮತ್ತು ಖರ್ಚಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ವಿಷಯ, ಹಣ್ಣನ್ನ ಮನೇಲೇ, ಫ್ರಿಜ್ ಇಲ್ಲದೆ, ಒಂದು ವರ್ಷ ಕೆಡದ ಹಾಗೆ ಇಡೋದು. ಇದಕ್ಕೆ ವಾಟರ್ ಬಾತ್ ಕ್ಯಾನಿಂಗ್ ಅಂತ ಹೆಸರು. ಕ್ಯಾನ್ ಅಂದ್ರೂ ಇಲ್ಲಿ ತಗಡಿನ ಡಬ್ಬ ಇಲ್ಲ, ಗಾಜಿನ ಬಾಟಲಿ. ಹಣ್ಣು ತುಂಬಿದ ಬಾಟಲಿಯನ್ನ ಕುದಿಯೋ ನೀರಲ್ಲಿ ಮುಳುಗಿಸಿ, ಲೆಕ್ಕದಷ್ಟು ನಿಮಿಷ ಕುದಿಸಿ, ಗಾಳಿ ಆಡದ ಹಾಗೆ ಮುಚ್ಚಳ ಕೂರಿಸೋದು. ಕೆಲಸ ಸುಲಭ. ಆದ್ರೆ ಮೂರು ವಿಷಯದಲ್ಲಿ ಮಾತ್ರ ‘ಅಂದಾಜು’ ನಡೆಯಲ್ಲ. ಆ ಮೂರನ್ನ ಇವತ್ತು ಬಿಡಿಸಿ ಹೇಳ್ತೀನಿ. ಕೊನೆಗೆ ದುಡ್ಡಿನ ಲೆಕ್ಕ. ಬಿ.ಕಾಂ. ಓದಿದೋರ ಹತ್ರ ಲೆಕ್ಕ ಇಲ್ಲದೆ ಮಾತು ಮುಗಿಯಲ್ಲ.

ಮೊದಲು ಊರಿನ ವಿಷಯ. ನಮ್ಮದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು, ಜನರ ಬಾಯಲ್ಲಿ ಮಾತ್ರ ಇನ್ನೂ ರಾಮನಗರವೇ. ಈ ಕಡೆ ರಾಗಿ, ರೇಷ್ಮೆ, ಮಾವು. ಕೋಲಾರದ ಶ್ರೀನಿವಾಸಪುರದ ಮಾವು ಮಾರುಕಟ್ಟೆಗೆ ಬರೋಕೆ ಮುಂಚೆನೇ ನಮ್ಮ ಕಡೆ ಬಾದಾಮಿ ಬಂದಿರುತ್ತೆ. ಆಮೇಲೆ ರಸಪುರಿ, ಸೇಂದೂರ, ಕೊನೆಗೆ ತೋತಾಪುರಿ. ಶುರುವಿನಲ್ಲಿ ಬೆಲೆ ಇರುತ್ತೆ, ಹಣ್ಣು ಇರಲ್ಲ. ಕೊನೆಗೆ ಹಣ್ಣು ಇರುತ್ತೆ, ಬೆಲೆ ಇರಲ್ಲ. ಕಾಡಿನ ಅಂಚಿನ ತೋಟ ಆದ್ರೆ ಆನೆ ಭಯ ಬೇರೆ. ಬಲಿಯೋ ತನಕ ಕಾಯೋಣ ಅಂದ್ರೆ ರಾತ್ರಿ ಯಾರು ಕಾಯೋದು?

ನಮ್ಮ ಚಿಕ್ಕಮ್ಮನಿಗೆ ಮನೆ ಹಿಂದೆ ಹನ್ನೊಂದು ಮರ ಇದೆ. ಒಂದು ವರ್ಷ ವ್ಯಾಪಾರಿ ಹೇಳಿದ ಬೆಲೆಯಲ್ಲಿ ಕೀಳೋ ಕೂಲಿ ಕಳೆದ್ರೆ ಕೈಗೆ ಏನೂ ಉಳೀತಿರಲಿಲ್ಲ. ಆಗ ಅವರು ನನ್ನ ಕೇಳಿದ್ದು ಇಷ್ಟೇ: “ಓದ್ಕಂಡಿದ್ದೀಯಲ್ಲ, ನೀನೇ ಹೇಳು. ಕಾಯಾದ್ರೆ ಉಪ್ಪಿನಕಾಯಿ ಹಾಕ್ತೀವಿ. ಹಣ್ಣನ್ನ ಬಾಟ್ಲಿಗೆ ಹಾಕಿ ಮಡಿಕಳಾಕೆ ಆಯ್ತದಾ, ಇಲ್ವಾ?”

ಒಳ್ಳೆ ಪ್ರಶ್ನೆ. ನೀವೇ ಯೋಚಿಸಿ. ನಮ್ಮ ಮನೆಗಳಲ್ಲಿ ಮಾವಿನಕಾಯಿಗೆ ಎಷ್ಟು ದಾರಿ ಇದೆ! ಉಪ್ಪಿನಕಾಯಿ, ಗೊಜ್ಜು, ಉಪ್ಪು ಸವರಿ ಒಣಗಿಸಿದ ಹೋಳು. ಹಣ್ಣಿಗೆ? ಸೀಕರಣೆ ಮಾಡು, ಇವತ್ತೇ ತಿನ್ನು. ಕರಾವಳಿಯವರು ಮಾಂಬಳ ಒಣಗಿಸ್ತಾರೆ, ನಮ್ಮ ಕಡೆ ಅಷ್ಟು ರೂಢಿ ಇಲ್ಲ. ಫ್ರೀಜರಲ್ಲಿ ಇಡೋಣ ಅಂದ್ರೆ ಕರೆಂಟ್ ನಂಬೋ ಹಾಗಿಲ್ಲ.

ಈಗ ಇದು ಯಾಕೆ ಕೆಲಸ ಮಾಡುತ್ತೆ ಅಂತ ನೋಡೋಣ. ಫ್ರಾನ್ಸ್‌ನಲ್ಲಿ ನಿಕೋಲಾ ಅಪ್ಪೆರ್ ಅಂತ ಒಬ್ಬ ಮಿಠಾಯಿ ಮಾಡೋನು. ಆಹಾರವನ್ನ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿಯೋ ನೀರಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡಲ್ಲ ಅಂತ ತೋರಿಸಿದ. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟು, ವಿಧಾನವನ್ನ ಪುಸ್ತಕ ಮಾಡಿ ಎಲ್ಲರಿಗೂ ಹೇಳು ಅಂತು. ಯಾಕೆ ಕೆಡಲ್ಲ ಅನ್ನೋದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳಿಂದ ಆಹಾರ ಕೆಡುತ್ತೆ ಅಂತ ಲೂಯಿ ಪಾಶ್ಚರ್ ತೋರಿಸಿಕೊಡೋ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ನಮ್ಮಲ್ಲಿ ಈ ವಿದ್ಯೆಯ ದೊಡ್ಡ ಮನೆ ಅಂದ್ರೆ ಮೈಸೂರಿನ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಸಂಸ್ಥೆ ಅದು.

ಮೂರು ವಿಷಯ ಅಂದೆನಲ್ಲ, ಮೊದಲನೇದು ಹುಳಿ. ದಯವಿಟ್ಟು ಇದೊಂದನ್ನ ಗಮನ ಇಟ್ಟು ಕೇಳಿ. ಕುದಿಯೋ ನೀರು ಬೂಷ್ಟು, ಯೀಸ್ಟು, ಹೆಚ್ಚಿನ ಬ್ಯಾಕ್ಟೀರಿಯಾ ಎಲ್ಲವನ್ನೂ ಕೊಲ್ಲುತ್ತೆ. ಆದ್ರೆ ಕ್ಲಾಸ್ಟ್ರೀಡಿಯಂ ಬಾಟ್ಯುಲಿನಂ ಅನ್ನೋ ಒಂದು ಬ್ಯಾಕ್ಟೀರಿಯಾ ಮಣ್ಣಲ್ಲಿ ಬೀಜಾಣು ರೂಪದಲ್ಲಿ ಮಲಗಿರುತ್ತೆ. ಆ ಬೀಜಾಣು ಕುದಿಯೋ ನೀರಿಗೆ ಸಾಯಲ್ಲ. ಗಾಳಿ ಇಲ್ಲದ, ಹುಳಿ ಕಡಿಮೆ ಇರೋ ಬಾಟಲಿ ಅದಕ್ಕೆ ಸ್ವಂತ ಮನೆ ಇದ್ದ ಹಾಗೆ. ಅಲ್ಲಿ ಬೆಳೆದು ವಿಷ ಮಾಡುತ್ತೆ. ಆ ವಿಷ ನರಗಳನ್ನ ಹಿಡಿಯುತ್ತೆ, ಉಸಿರಾಟ ನಿಲ್ಲಿಸೋ ಮಟ್ಟಕ್ಕೂ ಹೋಗಬಹುದು. ವಾಸನೆ ಬರಲೇಬೇಕು, ರುಚಿ ಕೆಡಲೇಬೇಕು ಅಂತಿಲ್ಲ. ಅದನ್ನ ತಡೆಯೋದು ಹುಳಿ. ಹುಳಿಯ ಅಳತೆ ಪಿಎಚ್. ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಆ ಬೀಜಾಣು ಏಳಲ್ಲ. ಮೇಲೆ ಹೋದ್ರೆ ಕುದಿಯೋ ನೀರು ಸಾಲಲ್ಲ.

ಹಾಗಾದ್ರೆ ಮಾವು? ಇಲ್ಲೇ ಇರೋದು ಸೂಕ್ಷ್ಮ. ಕಾಯಿ ಹುಳಿ. ಹಣ್ಣಾಗ್ತಾ ಹುಳಿ ಇಳಿಯುತ್ತೆ. ಚೆನ್ನಾಗಿ ಮಾಗಿದ ಸಿಹಿ ಹಣ್ಣು 4.6ರ ಗೆರೆ ದಾಟಿಬಿಡಬಹುದು. ತಳಿಯಿಂದ ತಳಿಗೆ, ಮರದಿಂದ ಮರಕ್ಕೆ ವ್ಯತ್ಯಾಸ. ಅದಕ್ಕೇ ಬಾಟಲಿಗೆ ಬೇಕಾದ್ದು ರಸ ಸೋರೋ ರಸಪುರಿ ಅಲ್ಲ. ಕಾಯಿ, ಇಲ್ಲಾ ಅಂದ್ರೆ ಈಗಷ್ಟೇ ಬಣ್ಣ ತಿರುಗ್ತಿರೋ, ಕಚ್ಚಿದ್ರೆ ಹಲ್ಲು ಚುಳ್ ಅನ್ನೋ ಗಟ್ಟಿ ದೋರೆಗಾಯಿ. ತೋತಾಪುರಿ ಇದಕ್ಕೆ ಹೇಳಿ ಮಾಡಿಸಿದ್ದು. ಬೆಂದರೂ ಹೋಳು ಹೋಳಾಗೇ ಇರುತ್ತೆ. ಅದರ ಮೇಲೂ ಹುಳಿ ಸೇರಿಸಲೇಬೇಕು. ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್. ಅಂಗಡೀಲಿ ನಿಂಬೆ ಉಪ್ಪು ಅಂದ್ರೆ ಕೊಡ್ತಾರೆ. ಒಂದು ಲೀಟರಿಗೆ ಅರ್ಧ ಚಮಚ. ಅಳತೆ ಚಮಚ ಇಟ್ಕೊಳ್ಳಿ, ಕೈ ಅಳತೆ ಬೇಡ. ನಿಂಬೆಹಣ್ಣನ್ನೇ ಹಿಂಡಬಹುದಲ್ಲ ಅಂತೀರ. ಒಂದೊಂದು ನಿಂಬೆ ಒಂದೊಂದು ಹುಳಿ, ನಂಬೋಕಾಗಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ‘ಸಕ್ಕರೆ ಪಾಕ ಇದೆಯಲ್ಲ, ಕೆಡಲ್ಲ’ ಅಂತಾರೆ. ಜಾಮ್‌ನಲ್ಲಿ ಹೌದು, ಅಲ್ಲಿ ನೂರಕ್ಕೆ ಅರವತ್ತು ಭಾಗಕ್ಕಿಂತ ಜಾಸ್ತಿ ಸಕ್ಕರೆ ಇರುತ್ತೆ. ನಮ್ಮ ತೆಳು ಪಾಕದ ಸಕ್ಕರೆ ಬರೀ ರುಚಿಗೆ, ಬಣ್ಣಕ್ಕೆ. ಕಾವಲು ಕಾಯೋದು ಹುಳಿನೇ.

ಎರಡನೇದು ಸಮಯ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ ಅಂತ ಸ್ಕೂಲಲ್ಲಿ ಓದಿದ್ದೀವಿ. ಕನಕಪುರ ಇರೋದು ಸುಮಾರು 640 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಹತ್ತತ್ರ 98 ಡಿಗ್ರಿಗೇ ಕುದಿಯುತ್ತೆ, ಬೆಂಗಳೂರಲ್ಲಿ 97ಕ್ಕೆ. ಎಷ್ಟು ಜೋರಾಗಿ ಉರಿ ಹಾಕಿದ್ರೂ ಅದಕ್ಕಿಂತ ಮೇಲೆ ಏರಲ್ಲ. ಕಡಿಮೆ ಬಿಸಿಗೆ ಜಾಸ್ತಿ ಹೊತ್ತು ಬೇಕು. ವಿದೇಶದ ವಿಡಿಯೋದಲ್ಲಿ 15 ನಿಮಿಷ ಅಂದಿದ್ರೆ ಅದು ತಗ್ಗಿನ ಊರಿನ ಲೆಕ್ಕ. ನಮ್ಮ ಎತ್ತರಕ್ಕೆ ಅರ್ಧ ಲೀಟರ್ ಬಾಟಲಿಗೆ 20 ನಿಮಿಷ, ಒಂದು ಲೀಟರಿಗೆ 25 ನಿಮಿಷ.

ಮೂರನೇದು ಮುಚ್ಚಳ. ಬಾಟಲಿ ಹಳೇದಾಗಿರಬಹುದು, ಬಾಯಿ ಅಂಚು ಚೂರೂ ಒಡೆದಿರಬಾರದು. ಮುಚ್ಚಳ ಮಾತ್ರ ಪ್ರತಿ ಸಲ ಹೊಸದು. ತಿರುಗಿಸಿ ಹಾಕೋ ತಗಡಿನ ಮುಚ್ಚಳದ ಒಳಗೆ ಮೆತ್ತನೆ ರಬ್ಬರಿನಂಥ ಬಳೆ ಇರುತ್ತಲ್ಲ, ಅದು ಬಿಸಿಗೆ ಮೆದುವಾಗಿ ಗಾಜಿಗೆ ಅಂಟಿಕೊಳ್ಳುತ್ತೆ. ಒಂದು ಸಲ ಅಚ್ಚು ಬಿದ್ದ ಮೇಲೆ ಅದರ ಕೆಲಸ ಮುಗೀತು. ಪರಿಚಯದ ಒಂದು ಮನೇಲಿ ಹಳೇ ಮುಚ್ಚಳ ಹಾಕಿದ ಎಂಟು ಬಾಟಲಿಯಲ್ಲಿ ಐದು ಎರಡೇ ವಾರಕ್ಕೆ ಹುದುಗು ಬಂದು ಉಬ್ಬಿದ್ದವು.

ಈಗ ಮಾಡೋ ಕ್ರಮ. ರೇಷ್ಮೆ ಸಾಕೋ ಮನೆಯವರಿಗೆ ನಾನು ಶುಚಿತ್ವದ ಪಾಠ ಹೇಳಬೇಕಾಗಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಹುಳು ಮನೆ ತೊಳೆಯದೆ ಇದ್ರೆ ಬೆಳೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ಇಲ್ಲೂ ಅದೇ ಶಿಸ್ತು.

ಬಿದ್ದ, ಪೆಟ್ಟಾದ, ಹುಳ ಹೊಡೆದ ಹಣ್ಣು ಬೇಡ. ಮರದಿಂದ ಕಿತ್ತಿದ್ದೇ ಆಗಬೇಕು. ತೊಳೆದು, ಸೊನೆ ತೆಗೆದು, ಸಿಪ್ಪೆ ಹೆರೆದು, ಬೆರಳು ದಪ್ಪ ಹೋಳು ಮಾಡಿ. ಒಂದು ಲೀಟರ್ ನೀರಿಗೆ 430 ಗ್ರಾಂ ಸಕ್ಕರೆ ಹಾಕಿ ಕಾಯಿಸಿ. ಹೋಳು ಹಾಕಿ, ಕುದಿ ಬಂದ ಮೇಲೆ ಎರಡು ನಿಮಿಷ ಸಣ್ಣ ಉರಿ. ಅತ್ತ ಬಾಟಲಿಗಳು ಬಿಸಿ ನೀರಲ್ಲೇ ಇರಲಿ. ತಣ್ಣಗಿರೋ ಗಾಜಿಗೆ ಬಿಸಿ ಪಾಕ ಬಿದ್ರೆ ಟಪ್ ಅಂತ ಸೀಳುತ್ತೆ. ಬಾಟಲಿಗೆ ನಿಂಬೆ ಉಪ್ಪು ಹಾಕಿ, ಹೋಳು ತುಂಬಿ, ಪಾಕ ಹೊಯ್ದು, ಮೇಲೆ ಅರ್ಧ ಇಂಚು ಖಾಲಿ ಬಿಡಿ. ಮರದ ಕಡ್ಡಿ ಆಡಿಸಿ ಗಾಳಿ ಗುಳ್ಳೆ ಬಿಡಿಸಿ. ಬಾಯಿ ಒರೆಸಿ, ಮುಚ್ಚಳ ಬೆರಳ ಬಿಗಿಗೆ ಮಾತ್ರ ತಿರುಗಿಸಿ.

ದೊಡ್ಡ ದಬರಿ ತಗೊಳ್ಳಿ. ತಳಕ್ಕೆ ಮಡಚಿದ ಬಟ್ಟೆ. ಬಾಟಲಿ ನಿಲ್ಲಿಸಿದ ಮೇಲೆ ಮುಚ್ಚಳದ ಮೇಲೆ ಎರಡು ಬೆರಳಷ್ಟು ನೀರು ನಿಂತಿರಬೇಕು. ನೀರು ಮತ್ತೆ ಕಳಪಳ ಕುದಿಯೋಕೆ ಶುರುವಾದ ಕ್ಷಣದಿಂದ ಫೋನಲ್ಲಿ ಟೈಮರ್ ಹಾಕಿ. ಮುಗಿದ ಮೇಲೆ ಎತ್ತಿ, ಗಾಳಿ ಬೀಸದ ಕಡೆ ಟವೆಲ್ ಮೇಲೆ ಇಟ್ಟು, ಹನ್ನೆರಡು ಗಂಟೆ ಮುಟ್ಟಬೇಡಿ. ಮುಚ್ಚಳ ಮತ್ತೆ ಬಿಗಿ ಮಾಡಬೇಡಿ. ತಣ್ಣಗಾಗ್ತಾ ಒಳಗೆ ನಿರ್ವಾತ ಆಗಿ, ಮುಚ್ಚಳದ ನಡುಭಾಗ ‘ಟಕ್’ ಅಂತ ಒಳಗೆ ಕೂರುತ್ತೆ. ಮಾರನೇ ದಿನ ಒತ್ತಿ ನೋಡಿ. ಮೇಲೆ ಕೆಳಗೆ ಆಡಿದ್ರೆ ಅದು ಕೂತಿಲ್ಲ, ಫ್ರಿಜ್ಜಲ್ಲಿಟ್ಟು ಎರಡು ಮೂರು ದಿನದಲ್ಲಿ ತಿಂದು ಮುಗಿಸಿ. ಕೂತಿದ್ರೆ ತಾರೀಖು ಬರೆದು, ಬೆಳಕು ಬೀಳದ ಕಡೆ ಒಂದು ವರ್ಷ ಇಡಿ.

ಏನು ಮಾಡಬಾರದು ಅನ್ನೋದೂ ಕೇಳಿ. ಹಲಸು, ಪಪ್ಪಾಯಿ, ಬಾಳೆ, ಕಲ್ಲಂಗಡಿ ಇವೆಲ್ಲ ಹುಳಿ ಕಡಿಮೆ ಇರೋ ಹಣ್ಣು, ಈ ವಿಧಾನಕ್ಕೆ ತರಬೇಡಿ. ಹುರುಳಿಕಾಯಿ, ಜೋಳ, ಅಣಬೆಯಂತೂ ಬೇಡವೇ ಬೇಡ. ‘ಕುಕ್ಕರಲ್ಲಿ ಮೂರು ವಿಷಲ್ ಕೂಗಿಸಿದ್ರೆ?’ ಅಂತ ಕೇಳ್ತೀರ. ಮನೆ ಕುಕ್ಕರ್ ಅನ್ನಕ್ಕೆ, ಬೇಳೆಗೆ. ಕ್ಯಾನಿಂಗ್‌ಗೆ ಪರೀಕ್ಷೆ ಮಾಡಿದ ಸಮಯದ ಲೆಕ್ಕ ಅದಕ್ಕಿಲ್ಲ. ಮುಚ್ಚಳ ಉಬ್ಬಿದ್ರೆ, ಪಾಕ ಚಿಮ್ಮಿದ್ರೆ ರುಚಿ ನೋಡೋಕೂ ಹೋಗಬೇಡಿ. ದನಕ್ಕೂ ಹಾಕಬೇಡಿ. ಎಸೀರಿ.

ಸರಿ, ದುಡ್ಡು. ಅರ್ಧ ಲೀಟರಿನ ಹತ್ತು ಬಾಟಲಿ ಅಂತ ಇಟ್ಕೊಳ್ಳಿ. ಮೂರು ಕೆ.ಜಿ. ಹೋಳು, ಅಂದ್ರೆ ಐದು ಕೆ.ಜಿ. ಹಣ್ಣು. ಸ್ವಂತ ಮರದ್ದಾದ್ರೂ ಮಾರಿದ್ರೆ ಸಿಗ್ತಿದ್ದ ಬೆಲೆ ಹಿಡೀಬೇಕು, ಕೆ.ಜಿ.ಗೆ 20ರಂತೆ 100 ರೂಪಾಯಿ. ಬಾಟಲಿ ತಲಾ 40ರಂತೆ 400. ಸಕ್ಕರೆ 45, ಗ್ಯಾಸ್ 50, ನಿಂಬೆ ಉಪ್ಪು 5. ಒಟ್ಟು 600, ಬಾಟಲಿಗೆ 60 ರೂಪಾಯಿ. ಮುಂದಿನ ವರ್ಷ ಬಾಟಲಿ ಇರುತ್ತೆ, ಹೊಸ ಮುಚ್ಚಳಕ್ಕೆ 60 ಮಾತ್ರ. ಒಟ್ಟು 260, ಬಾಟಲಿಗೆ 26. ನಿಮ್ಮೂರಿನ ಬೆಲೆ ಹಾಕಿ ನೋಡಿ, ಹೆಚ್ಚು ಕಡಿಮೆ ಆಗಬಹುದು. ಮನೆ ಬಳಕೆಗೆ ಇದು ಲಾಭದ ಲೆಕ್ಕವೇ.

ಆದ್ರೆ ಈ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದೀನಿ, ಗಮನಿಸಿದ್ರಾ? ಕೂಲಿ. ಹತ್ತು ಬಾಟಲಿಗೆ ಇಬ್ಬರು ನಾಲ್ಕು ಗಂಟೆ ನಿಲ್ಲಬೇಕು. ಅಂದ್ರೆ ಒಂದು ಪೂರ್ತಿ ಆಳಿನ ದಿನ. ಆ ಸಾಲು ಸೇರಿಸಿದ್ರೆ ಲಾಭ ಅಲ್ಲೇ ಕರಗುತ್ತೆ. ಮನೆ ಹೆಂಗಸರ ಕೆಲಸ ಅಂದ ತಕ್ಷಣ ಆ ಜಾಗದಲ್ಲಿ ಸೊನ್ನೆ ಬರೆಯೋದು ನಮಗೆ ಅಭ್ಯಾಸ ಆಗಿಹೋಗಿದೆ.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಬೆಲೆ ಬಿದ್ದಾಗಲೆಲ್ಲ ರೈತರಿಗೆ ಒಂದು ಉಪದೇಶ ಬರುತ್ತೆ: ‘ಮೌಲ್ಯವರ್ಧನೆ ಮಾಡಿ.’ 2025ರ ಜೂನ್ ನೆನಪಿಸಿಕೊಳ್ಳಿ. ನಮ್ಮ ರಾಜ್ಯದ ತೋತಾಪುರಿ ಬಹುಪಾಲು ನೆಚ್ಚಿಕೊಂಡಿರೋದು ಆಂಧ್ರದ ಚಿತ್ತೂರಿನ ಪಲ್ಪ್ ಕಾರ್ಖಾನೆಗಳನ್ನ. ಅಲ್ಲಿನ ಜಿಲ್ಲಾಡಳಿತ ಕರ್ನಾಟಕದ ಹಣ್ಣು ಬರಬಾರದು ಅಂತು, ಇಲ್ಲಿ ಬೆಲೆ ಕುಸೀತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ನಿಗದಿ ಮಾಡಿ, ಎರಡೂವರೆ ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡೋಕೆ ಒಪ್ಪಿತು. ಲಕ್ಷ ಟನ್ನಿನ ಸಮಸ್ಯೆ ಅದು. ದಬರಿಯಲ್ಲಿ ಏಳೆಂಟು ಬಾಟಲಿ ಕುದಿಸಿ ಬಗೆಹರಿಯಲ್ಲ. ಅದಕ್ಕೆ ಹತ್ತಿರದಲ್ಲಿ ಕಾರ್ಖಾನೆ ಬೇಕು, ನ್ಯಾಯವಾದ ಬೆಲೆ ಬೇಕು.

ಚಿಕ್ಕಮ್ಮನಿಗೆ ನಾನು ಕೊಟ್ಟ ಉತ್ತರವೂ ಇದೇ. ಮನೆಗೆ ಮಾಡ್ಕೊಳ್ಳಿ, ಇಪ್ಪತ್ತು ಬಾಟಲಿ, ಬೇಕಾದಷ್ಟು. ತೋಟ ಉಳಿಸೋ ಭಾರವನ್ನ ಈ ಬಾಟಲಿ ಮೇಲೆ ಹಾಕಬೇಡಿ. ಮಾರಲೇಬೇಕು ಅನ್ನೋರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಲ್ಯಾಬಲ್ಲಿ ಪಿಎಚ್ ಪರೀಕ್ಷೆ ಮಾಡಿಸಿ, ನಿಮ್ಮ ಕೂಲಿ ಸೇರಿಸಿ ಬೆಲೆ ಕಟ್ಟಿ. ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕೋದು ಆಮೇಲೆ. ನಮ್ಮ ಜಿಲ್ಲೆಯವರಿಗೆ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗಿ ಕೇಳಿ, ಕೇಳೋಕೆ ಸಂಕೋಚ ಬೇಡ.

ಇವತ್ತಿಗೆ ಇಷ್ಟು. ನಿಮ್ಮ ಮನೇಲಿ ಹಣ್ಣು ಉಳಿಸೋ ಬೇರೆ ದಾರಿ ಇದ್ರೆ ವಾಯ್ಸ್ ನೋಟ್ ಕಳಿಸಿ, ಅಜ್ಜಿ ಬಾಯಲ್ಲೇ ಹೇಳಿಸಿದ್ರೆ ಇನ್ನೂ ಚಂದ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ, ಮಾಗಿದ ರಸಪುರಿ ಸಿಕ್ಕಿದ್ರೆ ಬಾಟಲಿ ಗೀಟಲಿ ಅಂತ ಯೋಚಿಸಬೇಡಿ, ತಿಂದುಬಿಡಿ.