ಗಜ, ಗಂಟೆ, ಗುಣ: ಬೆಂಗಳೂರಿನ ಕಾರ್ಖಾನೆಗಳು ತಮ್ಮನ್ನು ಅಳೆದುಕೊಂಡ ಬಗೆ

ಕಾರ್ಖಾನೆಯೊಂದು ಚೆನ್ನಾಗಿ ನಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹುಡುಕುವ ಪ್ರಯತ್ನದ ಚರಿತ್ರೆಯನ್ನು ಬೆಂಗಳೂರಿನ ಮಟ್ಟಿಗೆ ಬಟ್ಟೆಯ ಗಿರಣಿಗಳಿಂದ ಆರಂಭಿಸುವುದು ಯುಕ್ತ. ಚಾಮರಾಜಪೇಟೆಯ ಪಶ್ಚಿಮಕ್ಕೆ, 1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಬಿನ್ನಿಪೇಟೆಗೆ ತನ್ನ ಹೆಸರನ್ನೇ ಕೊಟ್ಟ ಗಿರಣಿ, ಮಾಗಡಿ ರಸ್ತೆಯ ಕಡೆಯ ಮಿನರ್ವ ಮಿಲ್, ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ ಜನ ರಾಜಾ ಮಿಲ್ ಎಂದು ಕರೆಯುತ್ತಿದ್ದ ಗಿರಣಿ, ಇವು ಹಳೆಯ ಬೆಂಗಳೂರಿನ ಸಾವಿರಾರು ಮನೆಗಳ ದಿನಚರಿಯನ್ನು ಪಾಳಿಯ ಲೆಕ್ಕಕ್ಕೆ ಹೊಂದಿಸಿದ್ದವು.

ಗಿರಣಿಯಲ್ಲಿ ಮೊದಲ ಅಳತೆ ಹಾಜರಿ, ಎರಡನೆಯದು ತೂಕ. ಆದರೆ ತೂಕವೊಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ ಎಂಬುದನ್ನು ನೂಲು ಬಹುಬೇಗ ಕಲಿಸಿತು. ನೂಲಿನ ನವಿರನ್ನು ಸೂಚಿಸುವ ಸಂಖ್ಯೆಗೆ ಕೌಂಟು ಎಂದು ಹೆಸರು. 840 ಗಜದ ಒಂದು ಲಡಿಯಂತೆ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡ್ ತೂಗುತ್ತದೆಯೋ ಅದೇ ಆ ನೂಲಿನ ಕೌಂಟು. ಹೀಗಾಗಿ 20 ಕೌಂಟಿನ ಒಂದು ಪೌಂಡ್ ನೂಲು 16,800 ಗಜ ಉದ್ದವಿದ್ದರೆ, 40 ಕೌಂಟಿನ ಒಂದು ಪೌಂಡ್ 33,600 ಗಜ ಉದ್ದವಿರುತ್ತದೆ, ಮತ್ತು ಕದಿರಿನ ವೇಗ ಒಂದೇ ಇದ್ದರೂ ನವಿರಾದ ನೂಲು ಅದೇ ತೂಕವನ್ನು ಮುಟ್ಟಲು ದುಪ್ಪಟ್ಟಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ, ಏಕೆಂದರೆ ಅದಕ್ಕೆ ಪ್ರತಿ ಅಂಗುಲಕ್ಕೆ ಹೆಚ್ಚು ಹುರಿ ಬೇಕು. ಒರಟು ನೂಲು ತೆಗೆದ ಪಾಳಿ ತಕ್ಕಡಿಯಲ್ಲಿ ಶ್ರಮಜೀವಿಯಂತೆಯೂ ನವಿರು ನೂಲು ತೆಗೆದ ಪಾಳಿ ಸೋಮಾರಿಯಂತೆಯೂ ಕಾಣುವ ಈ ಅನ್ಯಾಯವನ್ನು ಸರಿಪಡಿಸಲು, ಎಲ್ಲ ನೂಲನ್ನೂ ಒಂದೇ ಕೌಂಟಿಗೆ ಪರಿವರ್ತಿಸಿ, ಪಾಳಿಯೊಂದರಲ್ಲಿ ಕದಿರೊಂದಕ್ಕೆ ಎಷ್ಟು ತೂಕ ಬಂತು ಎಂದು ಲೆಕ್ಕ ಹಾಕುವ ಕ್ರಮ ರೂಢಿಗೆ ಬಂತು.

ನೇಯ್ಗೆಯ ವಿಭಾಗದ ಅಳತೆ ಇನ್ನೂ ನೇರವಾದುದು. ಹಾಸಿನ ಎಳೆಗಳ ನಡುವೆ ಲಾಳಿ ಒಮ್ಮೆ ಹಾದುಹೋದರೆ ಹೊಕ್ಕಿನ ಒಂದು ಎಳೆ ಕೂಡುತ್ತದೆ. ನಿಮಿಷಕ್ಕೆ 200 ಎಳೆ ಹಾಕಬಲ್ಲ ಮಗ್ಗ 8 ಗಂಟೆಯಲ್ಲಿ ಒಮ್ಮೆಯೂ ನಿಲ್ಲದಿದ್ದರೆ 96,000 ಎಳೆ ಹಾಕಬೇಕು, ಮಗ್ಗಕ್ಕೆ ಜೋಡಿಸಿದ ಎಣಿಕೆಯ ಯಂತ್ರ 76,800 ತೋರಿಸಿದರೆ ಆ ಮಗ್ಗದ ಕಾರ್ಯಕ್ಷಮತೆ ಶೇ. 80. ಉಳಿದ ಶೇ. 20 ಎಲ್ಲಿ ಹೋಯಿತು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ನೂಲು ಹರಿದದ್ದಕ್ಕೆ ಹತ್ತಿಯ ಗುಣ ಕಾರಣವೋ, ಗಾಳಿಯ ತೇವ ಕಡಿಮೆಯಾದದ್ದೋ, ಒಬ್ಬ ನೇಕಾರನಿಗೆ ಹೆಚ್ಚು ಮಗ್ಗಗಳನ್ನು ವಹಿಸಿದ್ದೋ ಎಂಬುದು ತಿಳಿಯದೆಯೇ, ಕೂಲಿ ಮಾತ್ರ ಆ ಎಣಿಕೆಯ ಮೇಲೆ ನಿಂತಿತು. ಕಾರ್ಖಾನೆಯ ಅಳತೆಯ ಇಡೀ ಚರಿತ್ರೆಯನ್ನು, ಎಷ್ಟು ಎಂಬ ಪ್ರಶ್ನೆಯಿಂದ ಏಕೆ ಎಂಬ ಪ್ರಶ್ನೆಗೆ ನಡೆದ ನಿಧಾನದ ಪಯಣವೆಂದೇ ಓದಬಹುದು.

ಸ್ವಾತಂತ್ರ್ಯಾನಂತರ ಬೆಂಗಳೂರು ಯಂತ್ರೋದ್ಯಮದ ನಗರವಾದಾಗ ಗಜ ಮತ್ತು ಪೌಂಡುಗಳು ಸಾಲದಾದವು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಎಚ್‌ಎಂಟಿಯಂಥ ಕಾರ್ಖಾನೆಯಲ್ಲಿ ಒಂದು ಲೇತಿಗೆ ಬೇಕಾದ ನೂರಾರು ಬಿಡಿಭಾಗಗಳು ಒಂದರಂತೆ ಒಂದಿರುವುದಿಲ್ಲವಾದ್ದರಿಂದ, ಅವುಗಳನ್ನು ಕೂಡಿಸಿ ಎಣಿಸುವುದರಲ್ಲಿ ಅರ್ಥವಿಲ್ಲ. ಇಂಥ ಕೆಲಸಕ್ಕೆ ಹೊಂದುವ ಅಳತೆ ಪ್ರಮಾಣಿತ ಗಂಟೆ. ಅಮೆರಿಕದ ಫ್ರೆಡರಿಕ್ ಟೇಲರ್ 1911ರ ಪುಸ್ತಕದಲ್ಲಿ ಪ್ರತಿಪಾದಿಸಿದ, ಕೆಲಸವನ್ನು ಗಡಿಯಾರ ಹಿಡಿದು ಅಭ್ಯಾಸ ಮಾಡುವ ಕ್ರಮದಿಂದ ಬೆಳೆದ ಕಲ್ಪನೆ ಇದು. ಒಂದು ಬಿಡಿಭಾಗಕ್ಕೆ 30 ನಿಮಿಷ ಎಂದು ನಿಗದಿಯಾಗಿದ್ದು, ಕುಶಲಕರ್ಮಿಯೊಬ್ಬ 4 ಗಂಟೆಯಲ್ಲಿ 10 ಭಾಗ ಮುಗಿಸಿದರೆ ಆತ 5 ಪ್ರಮಾಣಿತ ಗಂಟೆಯ ಕೆಲಸ ಮಾಡಿದಂತಾಯಿತು, ಅಂದರೆ ಶೇ. 125. ಆದರೆ ಆ 30 ನಿಮಿಷವನ್ನು ನಿಗದಿ ಮಾಡಿದವರು ಯಾರು, ಯಾವ ಕೆಲಸಗಾರನನ್ನು ನೋಡಿ ನಿಗದಿ ಮಾಡಿದರು ಎಂಬ ಪ್ರಶ್ನೆಯಲ್ಲಿ ಕಾರ್ಮಿಕ ಸಂಘಗಳ ಅನುಮಾನವೆಲ್ಲ ಅಡಗಿತ್ತು, ಮತ್ತು ಆ ಅನುಮಾನ ನ್ಯಾಯವಾದುದೇ ಆಗಿತ್ತು.

ಗುಣದ ಅಳತೆ ಬೇರೊಂದು ದಾರಿಯಿಂದ ಬಂತು. ಅಮೆರಿಕದ ದೂರವಾಣಿ ಉದ್ಯಮದಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯ ತಿರುಳು ಸರಳವಾಗಿದೆ: ಒಂದೇ ಯಂತ್ರದಿಂದ ಬಂದ ವಸ್ತುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸಹಜ, ಆ ಸಹಜ ಏರಿಳಿತಕ್ಕೆ ಲೆಕ್ಕದಿಂದ ಮೇಲೊಂದು ಕೆಳಗೊಂದು ಗೆರೆ ಎಳೆದಿಟ್ಟರೆ, ಗೆರೆ ದಾಟಿದ ಬಿಂದುವಿಗೆ ಮಾತ್ರ ವಿಶೇಷ ಕಾರಣ ಹುಡುಕಬೇಕು, ಒಳಗಿರುವ ಪ್ರತಿ ಏರಿಳಿತಕ್ಕೂ ಕೆಲಸಗಾರನನ್ನು ಗದರಿಸುವುದು ವ್ಯರ್ಥ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ಥಾಪಕ ಮಹಾಲನೊಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೆ ಬಂದರು. 1950ರ ದಶಕದಲ್ಲಿ ಆ ಸಂಸ್ಥೆಯ ಗುಣನಿಯಂತ್ರಣ ಘಟಕ ಬೆಂಗಳೂರಿನಲ್ಲಿಯೂ ತೆರೆಯಿತು, ರಾಷ್ಟ್ರೀಯ ಉತ್ಪಾದಕತಾ ಮಂಡಳಿ 1958ರಲ್ಲಿ ಸ್ಥಾಪನೆಯಾಯಿತು.

ಇಷ್ಟರಲ್ಲಿ ಗಿರಣಿಗಳ ಭಾಗ್ಯ ಇಳಿಮುಖವಾಗಿತ್ತು, ಮತ್ತು ಉತ್ಪಾದನೆಯ ಅಂಕಿ ಕಾನೂನಿನ ಆಧಾರವೂ ಆಯಿತು. 1951ರ ಕೈಗಾರಿಕಾ ಕಾಯಿದೆಯು, ಉತ್ಪಾದನೆಯ ಪ್ರಮಾಣ ಗಣನೀಯವಾಗಿ ಕುಸಿದರೆ ತನಿಖೆ ನಡೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತ್ತು. ಈ ಆಧಾರದ ಮೇಲೆಯೇ 1970ರ ಆಗಸ್ಟ್‌ನಲ್ಲಿ ಮಿನರ್ವ ಮಿಲ್ಲಿನ ಮೇಲೆ ತನಿಖಾ ಸಮಿತಿ ನೇಮಕವಾಗಿ, 1971ರ ಅಕ್ಟೋಬರ್‌ನಲ್ಲಿ ಅದರ ಆಡಳಿತ ರಾಷ್ಟ್ರೀಯ ಜವಳಿ ನಿಗಮದ ಕೈಗೆ ಹೋಗಿ, 1974ರಲ್ಲಿ ಗಿರಣಿ ರಾಷ್ಟ್ರೀಕೃತವಾಯಿತು. ಮಾಲೀಕರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ, ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೇ ಮಿತಿಯುಂಟು ಎಂದು ಸಾರಿತು. ಬೆಂಗಳೂರಿನ ಗಿರಣಿಯೊಂದರ ಉತ್ಪಾದನೆಯ ಲೆಕ್ಕದಿಂದ ಆರಂಭವಾದ ವಿವಾದವು ದೇಶದ ಸಂವಿಧಾನದ ಚರಿತ್ರೆಯಲ್ಲಿ ನೆಲೆಗೊಂಡದ್ದು ಕಾನೂನಿನ ವಿದ್ಯಾರ್ಥಿಗಳಿಗೆ ತಿಳಿದಿರುವಷ್ಟು ಈ ನಗರದವರಿಗೆ ತಿಳಿದಿಲ್ಲ.

ಎಷ್ಟು, ಏಕೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ತಂದವರು ಜಪಾನಿನ ಸೆಯಿಚಿ ನಕಜಿಮಾ. ಅವರು ಯಂತ್ರದ ಒಟ್ಟು ಫಲದಾಯಕತೆಯನ್ನು ಮೂರು ಅಂಶಗಳ ಗುಣಲಬ್ಧವಾಗಿ ಕಂಡರು: ಯೋಜಿಸಿದ ಸಮಯದಲ್ಲಿ ಯಂತ್ರ ನಿಜವಾಗಿ ಓಡಿದ ಪಾಲು, ಓಡುವಾಗ ಇದ್ದ ವೇಗದ ಪಾಲು, ಬಂದ ಮಾಲಿನಲ್ಲಿ ಒಳ್ಳೆಯದರ ಪಾಲು. ಇವು ಕ್ರಮವಾಗಿ ಶೇ. 90, 80 ಮತ್ತು 95 ಇದ್ದರೆ, ಬಿಡಿಯಾಗಿ ನೋಡಿದವರಿಗೆ ಎಲ್ಲವೂ ತೃಪ್ತಿಕರವೆನಿಸುತ್ತದೆ. ಗುಣಿಸಿದಾಗ ಮಾತ್ರ ಶೇ. 68.4 ಎಂಬ ಸತ್ಯ ಹೊರಬೀಳುತ್ತದೆ. ನಷ್ಟ ಕೆಟ್ಟು ನಿಂತದ್ದರಿಂದಲೋ, ಮಂದಗತಿಯಿಂದಲೋ, ತಿರಸ್ಕೃತ ಮಾಲಿನಿಂದಲೋ ಎಂಬುದನ್ನು ಈ ಅಳತೆ ತೋರಿಸುವುದರಿಂದ, ದೋಷವನ್ನು ಕೆಲಸಗಾರನ ತಲೆಗೆ ಕಟ್ಟುವ ಅಭ್ಯಾಸಕ್ಕೆ ತಡೆ ಬೀಳುತ್ತದೆ. ಬಿಡದಿಯಲ್ಲಿ 1999ರ ಕೊನೆಗೆ ಉತ್ಪಾದನೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯೊಡನೆ ಜಪಾನಿನ ಉತ್ಪಾದನಾ ಪದ್ಧತಿ ಈ ನಗರದ ಹೊಸ್ತಿಲಿಗೇ ಬಂತು. ದೋಷ ಕಂಡ ಕೆಲಸಗಾರನೇ ಸೂಚನೆ ಕೊಟ್ಟು ಸಾಲನ್ನು ನಿಲ್ಲಿಸಬಹುದೆಂಬುದು ಆ ಪದ್ಧತಿಯ ಹಿರಿಮೆ.

ರಾಜಾ ಮಿಲ್ಲಿನ ನೆಲದಲ್ಲಿ ಇಂದು ಮಂತ್ರಿ ಸ್ಕ್ವೇರ್ ಮಾಲ್ ನಿಂತಿದೆ. ಆದರೆ ರಾಜಾಜಿನಗರ ಮತ್ತು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಅಳತೆಯ ಕೆಲಸ ಇನ್ನೂ ಬಾಕಿಯಿದೆ. ಅಂಥ ಕಾರ್ಖಾನೆ ನಡೆಸುವವರು ದುಬಾರಿ ಉಪಕರಣಗಳಿಗೆ ಕಾಯದೆ, ಪ್ರತಿ ಯಂತ್ರದ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟು, ಯಂತ್ರ ಯಾವಾಗ ನಿಂತಿತು, ಏಕೆ ನಿಂತಿತು ಎಂಬುದನ್ನು ಅದನ್ನು ನಡೆಸುವವನ ಕೈಯಿಂದಲೇ ಬರೆಸಬೇಕು, ಮತ್ತು ಆ ಬರಹವನ್ನು ಎಂದಿಗೂ ದಂಡಕ್ಕೆ ಆಧಾರ ಮಾಡಬಾರದು.