ದಂಡ ತೆತ್ತರೆ ಮುಗಿಯಿತೆ?

ಯಾವುದಾದರೂ ತಾಲ್ಲೂಕು ಕೇಂದ್ರದ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಬೆಳಗಿನ ಹನ್ನೊಂದರ ವೇಳೆಗೆ ಹೋಗಿ ನೋಡಿ. ಮೊಗಸಾಲೆಯಲ್ಲಿ, ಎದುರಿನ ಮರದ ನೆರಳಿನಲ್ಲಿ, ಮಡಿಸಿದ ಸಮನ್ಸನ್ನು ಕೈಯಲ್ಲಿ ಹಿಡಿದು ಕಾದಿರುವವರಲ್ಲಿ ವಾಹನ ಚಾಲಕರು ಎದ್ದು ಕಾಣುತ್ತಾರೆ. ಹೆಸರು ಕೂಗಿದಾಗ ಒಬ್ಬಾತ ಒಳಗೆ ಹೋಗಿ ಕೈಮುಗಿದು ನಿಲ್ಲುತ್ತಾನೆ. ಆತನ ಮೇಲಿನ ಆಪಾದನೆಯನ್ನು ಓದಿ ಹೇಳಿ, "ತಪ್ಪು ಒಪ್ಪಿಕೊಳ್ಳುತ್ತೀರಾ?" ಎಂದು ಕೇಳುತ್ತಾರೆ. "ಒಪ್ಪಿಕೊಳ್ಳುತ್ತೇನೆ ಸ್ವಾಮಿ" ಎಂಬ ಉತ್ತರ ಬರುತ್ತದೆ. ದಂಡದ ಮೊತ್ತ ತಿಳಿಯುತ್ತದೆ. ಹೊರಗೆ ಬಂದು ಹಣ ಕಟ್ಟಿ, ರಸೀತಿ ಜೇಬಿಗಿಟ್ಟು, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಆತ ಬಸ್ಸು ಹತ್ತುತ್ತಾನೆ. ಒಂದು ದಿನದ ಕೂಲಿ ಹೋಯಿತು, ಪೀಡೆ ಕಳೆಯಿತು ಎಂದು ಆತನ ಎಣಿಕೆ.

ಅರ್ಧ ನಿಮಿಷದೊಳಗೆ ಬಾಯಿಂದ ಜಾರಿದ ಈ ಒಪ್ಪಿಗೆಯನ್ನು ಕುರಿತೇ ಇಂದು ನಾನು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ರಸ್ತೆಯ ಮೇಲಿನ ಅಪರಾಧಗಳಿಗೆ ವಕೀಲರನ್ನು ನೇಮಿಸಿಕೊಳ್ಳಬೇಕೆ, ಬೇಡವೆ ಎಂದು ಅನೇಕರು ಕೇಳುತ್ತಾರೆ. "ಐನೂರು ರೂಪಾಯಿಯ ದಂಡಕ್ಕೆ ಐದು ಸಾವಿರದ ವಕೀಲರೆ?" ಎಂದು ನಗುವವರೂ ಉಂಟು. ಅವರ ನಗೆ ತೀರ ಅಕಾರಣವಾದುದಲ್ಲ. ಆದರೆ ದಂಡದ ಮೊತ್ತ ಬೇರೆ, ತಪ್ಪೊಪ್ಪಿಗೆಯ ಬೆಲೆ ಬೇರೆ. ಮೊದಲನೆಯದು ರಸೀತಿಯಲ್ಲಿ ಕಾಣುತ್ತದೆ; ಎರಡನೆಯದು ಕಾಣುವುದಿಲ್ಲ.

ಸಣ್ಣ ಸಂಗತಿಗಳನ್ನು ಮೊದಲು ಬದಿಗೆ ಸರಿಸೋಣ. ಶಿರಸ್ತ್ರಾಣವಿಲ್ಲದೆ ಹೋದದ್ದು, ನಿಲ್ಲಿಸಬಾರದಲ್ಲಿ ನಿಲ್ಲಿಸಿದ್ದು — ಇವನ್ನು ಸ್ಥಳದಲ್ಲಿಯೇ ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ಮೋಟಾರು ವಾಹನಗಳ ಅಧಿನಿಯಮದ 200ನೆಯ ಕಲಮು ಅವಕಾಶ ಕೊಟ್ಟಿದೆ. ಮಾಡಿದ್ದು ನಿಜವಾದರೆ ಕಟ್ಟಿಬಿಡುವುದೇ ಮರ್ಯಾದೆ. ಕಟ್ಟದೆ ಕೂಡಿಹಾಕುವ ಚಟ ನಮ್ಮಲ್ಲಿ ಎಷ್ಟು ಬೆಳೆದಿದೆಯೆಂದರೆ, 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಜನ ಸೀರೆಯಂಗಡಿಯ ಆಷಾಢದ ಮಾರಾಟಕ್ಕೆ ಮುಗಿಬಿದ್ದಂತೆ ಮುಗಿಬಿದ್ದರು. ಅದಿರಲಿ. ಯಂತ್ರ ತೆಗೆದ ಛಾಯಾಚಿತ್ರದ ಮೇಲೆ ಬಂದ ನೋಟೀಸಾದರೆ ಹಣ ಕಟ್ಟುವ ಮೊದಲು ಒಮ್ಮೆ ಕಣ್ಣುಬಿಟ್ಟು ನೋಡಿ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸೇರಿಸಿದ ನಿಯಮವು ಇಂಥ ನೋಟೀಸಿನೊಡನೆ ಸಂಖ್ಯಾಫಲಕ ಸ್ಪಷ್ಟವಾಗಿ ಕಾಣುವ ಚಿತ್ರ, ಯಂತ್ರ ಅಳೆದ ಪ್ರಮಾಣ, ದಿನ, ವೇಳೆ, ಸ್ಥಳ ಇವೆಲ್ಲ ಇರಬೇಕೆಂದು ವಿಧಿಸಿತು. ಚಿತ್ರದಲ್ಲಿರುವುದು ನಿಮ್ಮ ವಾಹನವೇ ಅಲ್ಲದಿದ್ದರೆ ಒಂದು ಅರ್ಜಿ ಸಾಕು. ಅದಕ್ಕೆ ವಕೀಲರು ಬೇಕಿಲ್ಲ.

ವಕೀಲರು ಬೇಕಾಗುವುದು ಮುಂದಿನ ಮೆಟ್ಟಿಲಿನಲ್ಲಿ. ಅದೇ ಅಧಿನಿಯಮದ 184ನೆಯ ಕಲಮು ಅಪಾಯಕರ ಚಾಲನೆಯನ್ನು ಕುರಿತದ್ದು. 2019ರ ತಿದ್ದುಪಡಿಯ ನಂತರ ಕೆಂಪು ದೀಪವನ್ನು ದಾಟಿದ್ದು, ಕೈಯಲ್ಲಿ ಮೊಬೈಲು ಹಿಡಿದು ಚಲಾಯಿಸಿದ್ದು, ಎದುರುದಿಕ್ಕಿನಲ್ಲಿ ನುಗ್ಗಿದ್ದು, ಇವೂ ಆ ಹೆಸರಿನೊಳಗೆ ಬರಬಹುದಾಗಿದೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಅಥವಾ ಒಂದು ಸಾವಿರದಿಂದ ಐದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ ಅಥವಾ ಹತ್ತು ಸಾವಿರ ದಂಡ, ಇಲ್ಲವೆ ಎರಡೂ. ಇದಕ್ಕಿಂತ ಹರಿತವಾದುದು ಯಾರೂ ಓದದ 21ನೆಯ ಕಲಮಿನಲ್ಲಿದೆ. ಹಿಂದೆ 184ರಡಿ ಶಿಕ್ಷೆಯಾದ ಚಾಲಕನ ಮೇಲೆ, ಅಂಥದೇ ಚಾಲನೆಯಿಂದ ಸಾವು ಅಥವಾ ತೀವ್ರ ಗಾಯವಾಯಿತೆಂದು ಪೊಲೀಸರು ಮೊಕದ್ದಮೆ ದಾಖಲಿಸಿದರೆ ಸಾಕು, ಆ ದಿನದಿಂದ ಆರು ತಿಂಗಳು ಆತನ ಲೈಸೆನ್ಸು ಅಮಾನತಾಗುತ್ತದೆ. ಅಷ್ಟರೊಳಗೆ ಬಿಡುಗಡೆಯಾದರಷ್ಟೇ ಅದು ಮೊದಲೇ ಮರಳೀತು. ನಮ್ಮ ಚಾಲಕ ಕಾಫಿ ಕುಡಿದು ಮರೆತ ಆ ಹಳೆಯ "ಒಪ್ಪಿಕೊಳ್ಳುತ್ತೇನೆ" ಎಂಬ ಮಾತು ವರ್ಷಗಳ ಮೇಲೆ ಎದ್ದು ನಿಂತು ಆತನ ಅನ್ನದ ತಟ್ಟೆಯನ್ನು ಎಳೆಯುವುದು ಹೀಗೆ.

ಇಂಥ ಆಪಾದನೆಯ ಕಾಗದ ಕೈಗೆ ಬಂದಾಗ ಬಲ್ಲ ವಕೀಲರು ಮೊದಲು ನೋಡುವುದು ತಾರೀಖುಗಳನ್ನು. 209ನೆಯ ಕಲಮಿನ ಪ್ರಕಾರ, ಅತಿವೇಗ ಅಥವಾ ಅಪಾಯಕರ ಚಾಲನೆಗಾಗಿ ಒಬ್ಬನನ್ನು ಶಿಕ್ಷಿಸಬೇಕಾದರೆ ಸ್ಥಳದಲ್ಲಿಯೇ ಆತನಿಗೆ ಎಚ್ಚರಿಕೆ ಕೊಟ್ಟಿರಬೇಕು. ಇಲ್ಲವೆ ಹದಿನಾಲ್ಕು ದಿನದೊಳಗೆ ನೋಟೀಸು ಕಳಿಸಿರಬೇಕು. ಇಲ್ಲವೆ ಇಪ್ಪತ್ತೆಂಟು ದಿನದೊಳಗೆ ಸಮನ್ಸು ಜಾರಿಯಾಗಿರಬೇಕು. ಹೆಸರು ವಿಳಾಸ ಸಿಗದೆ ಹೋದಾಗ, ಅಥವಾ ಆಪಾದಿತನೇ ತಪ್ಪಿಸಿಕೊಂಡಾಗ ಮಾತ್ರ ವಿನಾಯಿತಿ. ಬಳಿಕ ನೋಡುವುದು ಸಾಕ್ಷಿಯನ್ನು. ವೇಗ ಮಿತಿ ಮೀರಿತ್ತೆಂದು ಒಬ್ಬನೇ ಸಾಕ್ಷಿ ತನ್ನ ಅಭಿಪ್ರಾಯ ಹೇಳಿದರೆ, ಆ ಅಭಿಪ್ರಾಯಕ್ಕೆ ಯಾವುದಾದರೂ ಯಂತ್ರದ ಅಳತೆಯ ಆಧಾರವಿಲ್ಲದಿದ್ದರೆ, ಅಷ್ಟರಿಂದಲೇ ಅತಿವೇಗಕ್ಕಾಗಿ ಶಿಕ್ಷೆ ವಿಧಿಸುವಂತಿಲ್ಲವೆಂದು 183ನೆಯ ಕಲಮು ಹೇಳುತ್ತದೆ. ಕೈಮುಗಿದು ನಿಂತ ಚಾಲಕನಿಗೆ ಇವೊಂದೂ ತಿಳಿದಿರುವುದಿಲ್ಲ. ತಿಳಿಸುವ ಹೊಣೆ ಪೊಲೀಸರದೂ ಅಲ್ಲ.

ಇನ್ನು ಜೀವಹಾನಿಯ ಪ್ರಕರಣಗಳು. ನಮ್ಮ ಠಾಣೆಗಳಲ್ಲಿ ದಾಖಲಾಗುವ ಅಪಘಾತದ ವರದಿಗಳಲ್ಲಿ ಒಂದು ಮಾತು ಮಂತ್ರದಂತೆ ಮರುಕಳಿಸುತ್ತದೆ: "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು". ಲಾರಿ ಹಳ್ಳಕ್ಕೆ ಬಿದ್ದರೂ ಇದೇ, ಕತ್ತಲೆಯಲ್ಲಿ ಎಮ್ಮೆ ಅಡ್ಡಬಂದರೂ ಇದೇ. ಬರೆದು ಬರೆದು ಸವೆದ ಈ ಮಾತಿನ ಹಿಂದೆ ಏನಿದೆ ಎಂದು ಕೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಕೇಳಿದವರೊಬ್ಬರ ಕಥೆ ನಮ್ಮ ರಾಜ್ಯದ್ದೇ ಆಗಿದೆ. 1982ರ ನವೆಂಬರ್ 25ರ ಬೆಳಿಗ್ಗೆ, ಜನರನ್ನು ತುಂಬಿಕೊಂಡಿದ್ದ ಲಾರಿಯೊಂದು ಹಳ್ಳ ದಾಟುವಾಗ ಮಗುಚಿಬಿದ್ದು 15 ಮಂದಿ ಸತ್ತರು; 18 ಮಂದಿಯಷ್ಟು ಗಾಯಗೊಂಡರು. ಎಂಥ ಎದೆಗಾದರೂ ನಡುಕ ಹುಟ್ಟಿಸುವ ಸಂಖ್ಯೆ. ಚಾಲಕನಿಗೆ ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1998ರಲ್ಲಿ ಆ ನ್ಯಾಯಾಲಯ ಕೇಳಿದ್ದು ಬಹು ಸರಳವಾದ ಪ್ರಶ್ನೆ: "ಅತಿವೇಗ" ಎಂದರೆ ಎಷ್ಟು? ಒಬ್ಬ ಸಾಕ್ಷಿಯೂ ಅಂದಾಜಿಗಾದರೂ ಹೇಳಿರಲಿಲ್ಲ. ಲಾರಿಯನ್ನು ಪರೀಕ್ಷಿಸಿ ವರದಿ ಕೊಟ್ಟಿದ್ದ ಮೋಟಾರು ವಾಹನ ನಿರೀಕ್ಷಕರನ್ನು ಸಾಕ್ಷಿಯಾಗಿ ವಿಚಾರಿಸಿಯೇ ಇರಲಿಲ್ಲ. ಹೀಗಿರುವಾಗ ಲಾರಿ ವೇಗವಾಗಿ ಬಂದಿತೆಂಬ ಮಾತ್ರಕ್ಕೆ ದುಡುಕಾಗಲಿ ನಿರ್ಲಕ್ಷ್ಯವಾಗಲಿ ಸಿದ್ಧವಾಗುವುದಿಲ್ಲವೆಂದು ಹೇಳಿ, ಬಿಡುಗಡೆಯನ್ನು ಎತ್ತಿಹಿಡಿಯಿತು. ಆತ ನಿಜವಾಗಿ ನಿರಪರಾಧಿಯೆ? ನನಗೆ ಗೊತ್ತಿಲ್ಲ; ಯಾರಿಗೂ ಗೊತ್ತಾಗದಂತೆ ಮೊಕದ್ದಮೆ ನಡೆದಿತ್ತೆಂಬುದೇ ಅಲ್ಲಿನ ದೋಷ.

ಎಲ್ಲ ದೇಶಗಳಲ್ಲೂ ಹೀಗೆಯೇ ಎಂದು ತಿಳಿಯಬೇಡಿ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನಿಗದಿಯಾದ ಮಿತಿಗಿಂತ 20 ಮೈಲಿ ಮೀರಿದರೆ, ಅಥವಾ ಗಂಟೆಗೆ 85 ಮೈಲಿಯನ್ನು ದಾಟಿದರೆ, ಆ ಅಂಕಿಯೇ ಬೇಜವಾಬ್ದಾರಿಯ ಚಾಲನೆ. ಹನ್ನೆರಡು ತಿಂಗಳವರೆಗೆ ಸೆರೆವಾಸವಾಗಬಹುದು. ನಮ್ಮಿಂದ ಅಲ್ಲಿಗೆ ಹೋಗಿ ನೆಲೆಸಿದ ಹುಡುಗರು, ಊರಿನಲ್ಲಿ ಚೀಟಿ ಹರಿದು ಬಿಸಾಡಿದ ಅಭ್ಯಾಸದಲ್ಲಿ, ಅದನ್ನೂ ಬರಿಯ ದಂಡವೆಂದು ಭಾವಿಸಿದರೆ ಕೆಟ್ಟಂತೆಯೇ ಸರಿ.

ತಪ್ಪೊಪ್ಪಿಗೆಯ ಮಾತಿಗೆ ಮರಳೋಣ. "ಒಪ್ಪಿಕೊಂಡುಬಿಡಿ, ಬರೀ ದಂಡ ಹಾಕಿಸುತ್ತೇನೆ" ಎನ್ನುವ ಸಲಹೆ ನ್ಯಾಯಾಲಯದ ಆವರಣದಲ್ಲಿ ಸುಲಭವಾಗಿ ಸಿಗುತ್ತದೆ. ಕರ್ನಾಟಕದ ಇನ್ನೊಬ್ಬ ಆಪಾದಿತ, ನಿರ್ಲಕ್ಷ್ಯದಿಂದ ಮರಣ ಉಂಟುಮಾಡಿದ ಪ್ರಕರಣದಲ್ಲಿ, ಹಗುರವಾಗಿ ಮುಗಿಯುತ್ತದೆಂಬ ಭರವಸೆಯ ಮೇಲೆ ಒಪ್ಪಿಕೊಂಡ. ದಂಡದಲ್ಲೇ ಮುಗಿಯಿತು. ಆದರೆ ಸರ್ಕಾರ ಮೇಲ್ಮನವಿ ಹೋಯಿತು. ಉಚ್ಚ ನ್ಯಾಯಾಲಯ ಸೆರೆವಾಸ ವಿಧಿಸಿತು. 1983ರಲ್ಲಿ ವರದಿಯಾದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಹಗುರ ಶಿಕ್ಷೆಯ ಆಸೆ ತೋರಿಸಿ ತಪ್ಪೊಪ್ಪಿಸಿ ಆಮೇಲೆ ಶಿಕ್ಷೆಯನ್ನು ಹೆಚ್ಚಿಸುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಹೇಳಿ, ವಿಚಾರಣೆಯನ್ನು ಮತ್ತೆ ಮೊದಲಿನಿಂದ ನಡೆಸಲು ಕಳಿಸಿತು. ಆತ ದೆಹಲಿಯವರೆಗೆ ಹೋದ ಕಾರಣ ಉಳಿದ. ಹೋಗಲಾರದವರ ಗತಿಯನ್ನು ನೀವೇ ಊಹಿಸಿ. ಶಿಕ್ಷೆಯನ್ನು ಕುರಿತ ಸಂಧಾನಕ್ಕೆ 2006ರಿಂದ ಕಾನೂನಿನಲ್ಲಿಯೇ ಒಂದು ದಾರಿ ಇದೆ. ಅದು ಬರೆದು, ಅರ್ಜಿ ಹಾಕಿ, ನ್ಯಾಯಾಧೀಶರ ಎದುರಿಗೆ ನಡೆಯುವಂಥದು. ಕಾಫಿ ಲೋಟದ ಪಕ್ಕದಲ್ಲಿ ಅಲ್ಲ. ಹಿಂದೆ ನಿರ್ಲಕ್ಷ್ಯದ ಮರಣಕ್ಕೆ ಎರಡು ವರ್ಷದವರೆಗಿದ್ದ ಸೆರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಏರಿದೆ. ಭರವಸೆಯ ಮೇಲೆ ಒಪ್ಪಿಕೊಳ್ಳುವವನು ಈ ಅಂಕಿಯನ್ನು ಒಮ್ಮೆ ನೆನೆಯಬೇಕು.

ಇಷ್ಟು ಹೊತ್ತು ಚಾಲಕನ ಪರವಾಗಿ ಮಾತನಾಡಿದೆ. ಆದರೆ ಅದೇ ಮೊಗಸಾಲೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೂ ಕುಳಿತಿರುತ್ತಾಳೆ. "ದುಡ್ಡಿದ್ದವನು ವಕೀಲರನ್ನಿಟ್ಟು ತಪ್ಪಿಸಿಕೊಂಡ" ಎಂದು ಆಕೆ ಹೇಳಿದರೆ ಅದಕ್ಕೆ ಉತ್ತರ ಕೊಡಬೇಕಾದ್ದು ನಮ್ಮ ಕರ್ತವ್ಯ. ತಪ್ಪಿತಸ್ಥರೂ ಪಾರಾಗುವುದುಂಟು, ಅದನ್ನು ಮುಚ್ಚಿಡಲಾರೆ. ಆದರೆ ಚಾಲಕನ ಬಿಡುಗಡೆಯಿಂದ ಆಕೆಯ ಪರಿಹಾರದ ಹಕ್ಕು ಬಿದ್ದುಹೋಗುವುದಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಲಿಯ ತಕ್ಕಡಿಯೇ ಬೇರೆ. ತಮಿಳುನಾಡಿನಲ್ಲಿ ರಾತ್ರಿಯ ಬಸ್ಸೊಂದು ಜೋತುಬಿದ್ದ ವಿದ್ಯುತ್ ತಂತಿಗೆ ತಗುಲಿ ಜನ ಸತ್ತಾಗ, ಅದು ದೈವಸಂಕಲ್ಪವೆಂದು ಚಾಲಕನ ಬಿಡುಗಡೆಯಾಗಿತ್ತು; ಆದರೂ ಪರಿಹಾರ ಕೊಡಲೇಬೇಕೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆಕೆಯೂ ಸರ್ಕಾರಿ ಅಭಿಯೋಜಕರ ನೆರವಿಗೆ, ನ್ಯಾಯಾಲಯದ ಅನುಮತಿ ಪಡೆದು, ತನ್ನ ವಕೀಲರನ್ನು ಇಟ್ಟುಕೊಳ್ಳಬಹುದು. ಬಿಡುಗಡೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕು ನೊಂದವರಿಗೆ 2009ರಿಂದ ಬಂದಿದೆ. ಅಪರಾಧ ರುಜುವಾತಾದ ಮೇಲೆ ಚಾಲಕನಿಗೆ ದಯೆಯೂ ಸುಲಭವಲ್ಲ. ಬಸ್ಸಿನಡಿ ಸೈಕಲ್ ಸವಾರನೊಬ್ಬ ಸತ್ತ ಪ್ರಕರಣದಲ್ಲಿ, ಇಂಥವರನ್ನು ಸನ್ನಡತೆಯ ಮೇಲೆ ಬಿಟ್ಟುಬಿಡುವ ವಿನಾಯಿತಿ ಸಲ್ಲದೆಂದು 2000ದಲ್ಲಿ ಅದೇ ನ್ಯಾಯಾಲಯ ಖಡಾಖಂಡಿತವಾಗಿ ಹೇಳಿದೆ. ಆದುದರಿಂದಲೇ ರುಜುವಾತು ಗಟ್ಟಿಯಾಗಿರಬೇಕು ಎನ್ನುವುದು. ಎದುರಿಗೆ ಬಲ್ಲ ವಕೀಲರೊಬ್ಬರು ನಿಂತಿದ್ದಾರೆಂಬ ಅರಿವಿದ್ದರೆ ಮಹಜರು ನೆಟ್ಟಗಾಗುತ್ತದೆ, ರಸ್ತೆಯ ನಕ್ಷೆ ಸರಿಯಾಗುತ್ತದೆ, ನಿರೀಕ್ಷಕರು ಸಾಕ್ಷಿಕಟ್ಟೆಗೆ ಬರುತ್ತಾರೆ. ಆ ತಾಯಿಗೂ ಬೇಕಾದದ್ದು ಅದೇ.

ವಕೀಲರನ್ನು ಆರಿಸುವುದು ಹೇಗೆ? ನಮ್ಮಲ್ಲಿ ವಕೀಲರು ಜಾಹೀರಾತು ಹಾಕುವಂತಿಲ್ಲ. ಆದಕಾರಣ ಗೇಟಿನ ಬಳಿಯೇ ತೋಳು ಹಿಡಿದು ಕರೆದೊಯ್ಯುವವನು ದಲ್ಲಾಳಿ. ಅವನನ್ನು ದಾಟಿ ಒಳಗೆ ಹೋಗಿ. ಆ ನ್ಯಾಯಾಲಯದಲ್ಲಿ ದಿನವೂ ಅಪಘಾತದ ಮೊಕದ್ದಮೆ ನಡೆಸುವವರು ಯಾರೆಂದು ನಾಲ್ವರನ್ನು ವಿಚಾರಿಸಿ. "ಗೆದ್ದರೆ ಇಷ್ಟು, ಸೋತರೆ ಏನೂ ಬೇಡ" ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಹಾಗೆನ್ನುವವರಿಗಿಂತ ಒಟ್ಟು ಶುಲ್ಕವೆಷ್ಟು, ಅದರಲ್ಲಿ ಎಷ್ಟು ವಾಯಿದೆಗಳು ಸೇರಿವೆ ಎಂದು ಮೊದಲೇ ತಿಳಿಸುವವರು ಮೇಲು. ಖಂಡಿತ ಬಿಡಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಅವರೆದುರು ನಡೆದದ್ದನ್ನು ನಡೆದಂತೆ ಹೇಳಿ, ಕುಡಿದಿದ್ದರೆ ಅದನ್ನೂ. ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಹೇಳದೆ ಬಿಟ್ಟ ಗುಟ್ಟು ಪಾಟೀಸವಾಲಿನಲ್ಲಿ ಹೊರಬೀಳುತ್ತದೆ. ಒಂದು ವೇಳೆ ಎಲ್ಲವನ್ನೂ ಕೇಳಿ, ಕಾಗದಗಳನ್ನೆಲ್ಲ ಓದಿ, "ಇದನ್ನು ಒಪ್ಪಿಕೊಳ್ಳುವುದೇ ಮೇಲು" ಎಂದು ಅವರೇ ಹೇಳಿದರೆ, ಆ ಸಲಹೆಗೂ ಕೊಟ್ಟ ಶುಲ್ಕ ಸಂದಂತೆಯೇ.

ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮವಿದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಡಿಮೆ ವರಮಾನದವರು ಅದರಡಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ತಾಲ್ಲೂಕು ಸಮಿತಿಯ ಕಚೇರಿ ಎಲ್ಲಿದೆಯೆಂದು ನ್ಯಾಯಾಲಯದಲ್ಲಿಯೇ ಕೇಳಿದರೆ ತೋರಿಸುತ್ತಾರೆ. ಪೊಲೀಸರ ಆರೋಪಪಟ್ಟಿಯ ಮೇಲೆ ನಡೆಯುವ ಮೊಕದ್ದಮೆಯಾದರೆ ಅದರ ನಕಲನ್ನು ಕಾಸು ತೆಗೆದುಕೊಳ್ಳದೆ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.

ಇದೊಂದೂ ಆಗುವ ಮೊದಲೇ ಹೆಸರು ಕೂಗಿಬಿಟ್ಟರೆ? ಒಳಗೆ ಹೋಗಿ ನಿಂತು, ಆ ಪ್ರಶ್ನೆ ಬಂದಾಗ, "ವಕೀಲರನ್ನು ಗೊತ್ತುಮಾಡಿಕೊಳ್ಳಲು ಒಂದು ವಾಯಿದೆ ಕೊಡಬೇಕು ಸ್ವಾಮಿ" ಎಂದು ಕೇಳಿಕೊಳ್ಳಿ. ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಕೊಡುತ್ತಾರೆ. ಕೊಟ್ಟ ತಾರೀಖನ್ನು ಸಮನ್ಸಿನ ಬೆನ್ನಿನ ಮೇಲೆ ಅಲ್ಲೇ ಬರೆದುಕೊಳ್ಳಿ. ಆ ದಿನ ತಪ್ಪಿಸಿದರೆ ವಾರಂಟು ಬರಬಹುದು.